ಬಸುರಿ ಹೊಲಕ್ಕೆ ಎಣ್ಣಿ ಹೊಡೆದ ವರ್ಷ

ಪೆಟ್ಟು ಬಿದ್ದದ್ದು ಗೊರವಂಕಗಳಿಗೆ, ಕಾಗೆಗಳಿಗೆ ಮತ್ತು ದಿನಗೂಲಿಗೆ ನಮ್ಮ ಹೊಲದಲ್ಲಿ ಬೆನ್ನು ಬಾಗಿಸಿ ದುಡಿಯುತ್ತಿದ್ದ ಹೆಂಗಸರಿಗೆ. ಎಣ್ಣಿ ಎಂಬ ಹುಳದ ವಿಷ ತಯಾರಿಸಿದವರಿಗೆ ಏನೂ ಆಗಲಿಲ್ಲ. ಅದನ್ನು ಮಾರಿದವರಿಗೆ, ಹೊಡೆಯಿರಿ ಎಂದು ಹೇಳಿ ಜೀಪು ಹತ್ತಿ ಹೋದ ಕೃಷಿ ಇಲಾಖೆಯವರಿಗೆ, ಕೊಂಡು ತಂದ ನಮ್ಮ ಮನೆಯವರಿಗೆ ಕೂಡ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಾನು ಬರೆಯಲಿರುವುದರಲ್ಲಿ ಹೋಳಿಗೆಯಿದೆ, ನಗೆಯಿದೆ, ನನ್ನ ಬಾಳಿನ ತೃಪ್ತಿಯ ದಿನಗಳೂ ಇವೆ. ಆ ಸವಿಯ ನಡುವೆ ಇವರನ್ನು ಯಾರೂ ಮರೆಯಬಾರದು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮೂರು ಇರುವುದು ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿಗೆ ಹೋಗುವ ದಾರಿಯ ಬದಿಗೆ. ಮಳೆಯಾದರೆ ಪಾದಕ್ಕೆ ಮುದ್ದೆಮುದ್ದೆಯಾಗಿ ಅಂಟಿಕೊಳ್ಳುವ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ಎರಿಮಣ್ಣು. ನಾನು ಧಾರವಾಡದ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ತಂದೆ ಮಿಶ್ರಿಕೋಟಿಯ ಕಡೆ ಶಾಲಾಮಾಸ್ತರರಾಗಿದ್ದರು. ಹಾಗಾಗಿ ಹೊಲಮನೆಯ ಆಡಳಿತವೆಲ್ಲ ತಂದೆಯ ತಮ್ಮ, ನಮ್ಮ ಕಾಕಾನ ಕೈಯಲ್ಲಿತ್ತು. ಕಾಕಾನ ಮೇಲೆ ಆಡಳಿತ ನಡೆಸುತ್ತಿದ್ದವಳು ಅವನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮಜ್ಜಿ.

ಆಯಿಗೆ ಎಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಂಜಾಗಿದ್ದವು, ನಾಲಿಗೆ ಮಂಜಾಗಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತ ಆಕೆ ಹೇಳುತ್ತಿದ್ದುದು ಒಂದೇ ವಿಷಯ: ಆಕೆ ಸೊಸೆಯಾಗಿ ಬಂದಾಗ ಈ ಹೊಲಗಳಲ್ಲಿ ಏನೇನಿತ್ತು ಎಂಬುದು. ಜೋಳದ ಸಾಲಿನ ನಡುವೆ ಆಳೆತ್ತರದ ಎರಿಭೂತ ಎಂಬ ಹಕ್ಕಿ ಗೌಡರಂತೆ ಗಂಭೀರವಾಗಿ ನಡೆಯುತ್ತಿತ್ತಂತೆ. ಕಡಲೆ ಹೊಲದ ಆಚೆ ಚಿಗರಿ ಎಂಬ ಜಿಂಕೆಗಳ ಹಿಂಡು ಎದ್ದರೆ ಧೂಳು ಕಾಣುವ ಮೊದಲೇ ಅವು ಕಾಣದಾಗುತ್ತಿದ್ದವಂತೆ. ಹತ್ತಿ ಬಿಡಿಸಲು ಹೋದ ಹೆಂಗಸರು ಊಟದ ಗಂಟು ಬಿಚ್ಚಿದರೆ ಸಾಕು, ಗೊರವಂಕಗಳು ಮಡಿಲಿಗೇ ಬರುತ್ತಿದ್ದವಂತೆ.

ನಾನು ಕಾಲೇಜಿನಲ್ಲಿ ಪ್ರಶ್ನೆ ಕೇಳುವುದನ್ನು ಕಲಿತಿದ್ದೆ. ನಮ್ಮ ಪಡಸಾಲೆಯ ಗೋಡೆಗೆ ಒಂದು ಜೋಡಿ ಚಿಗರಿಕೋಡು ಜಡಿದಿತ್ತು. ಅಜ್ಜನ ಕಾಲದಲ್ಲಿ ಅದಕ್ಕೆ ರುಮಾಲು ತೂಗುಹಾಕುತ್ತಿದ್ದರು; ಈಗ ಕಾಕಾನ ಟಾವೆಲ್ಲು ತೂಗುತ್ತಿತ್ತು.

“ಆಯಿ, ಇಷ್ಟೆಲ್ಲಾ ಚಿಗರಿ ಎಲ್ಲಿ ಹೋದೂ? ಈ ಕೋಡು ಯಾರು ತಂದದ್ದು?” ಎಂದು ಒಮ್ಮೆ ಕೇಳಿದೆ.

“ಸಾಹೇಬ್ರು ಬರ್ತಿದ್ರು, ಬಂದೂಕ ತಗೊಂಡು.”

“ಸಾಹೇಬ್ರಿಗೆ ನಮ್ಮ ಹೊಲದ ದಾರಿ ಹೆಂಗ ಗೊತ್ತಾತು?”

ಆಯಿ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. “ದಾರಿ ತೋರ್ಸಿದಾಂವ ನಿಮ್ಮಜ್ಜ” ಎಂದಳು. “ಮಾಂಸ ಅವ್ರು ಒಯ್ದ್ರು. ಕೋಡು ನಮಗ ಬಿಟ್ರು. ನಿಮ್ಮಜ್ಜ ಅದನ್ನ ಮರ್ಯಾದಿ ಅಂತ ತಿಳ್ಕೊಂಡ.”

ಈ ಮಾತನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನಮ್ಮ ನಾಡಿನಲ್ಲಿ ಹಿಂದಿನ ಕಾಲವನ್ನು ಹಾಡಿ ಹೊಗಳುವವರು ಬಹಳ ಮಂದಿ ಇದ್ದಾರೆ. ಆ ಕಾಲವನ್ನು ಮುಗಿಸಿದವರು ಯಾರು ಎಂದು ಕೇಳಿದರೆ ಅವರಿಗೆ ಕೆಮ್ಮು ಬರುತ್ತದೆ.

ಆ ವರ್ಷ ಕಾಕಾ ಹೊಸ ಹೈಬ್ರಿಡ್ ಹತ್ತಿ ಹಾಕಿದ್ದ. ಊರಿನಲ್ಲಿ ಮೊದಲು ಹಾಕಿದ ಕೆಲವರಲ್ಲಿ ಅವನೂ ಒಬ್ಬ. ಅವನನ್ನು ನಾನು ದೂರಿದರೆ ಅನ್ಯಾಯವಾದೀತು. ಅವನು ಕಣ್ಣ ಮುಂದೆ ಇಟ್ಟುಕೊಂಡಿದ್ದುದು ಮುಂದಿನ ದಿನಗಳನ್ನು: ಬಾವಿಗೆ ಪಂಪು, ಹೆಣ್ಣುಮಕ್ಕಳಿಗೆ ಹೈಸ್ಕೂಲು, ಮಾಳಿಗೆಗೆ ಕಾಂಕ್ರೀಟು. ಹಳೆಯ ಜವಾರಿ ಹತ್ತಿ ಬೆಳೆದ ತನ್ನ ಅಪ್ಪ ಅದರಲ್ಲಿಯೇ ಹಣ್ಣಾದುದನ್ನು ಅವನು ಕಂಡಿದ್ದ. ಹೊಸ ಗಿಡ ಮೊಣಕಾಲು ದಾಟಿ ಸೊಂಟಕ್ಕೆ ಬಂದಾಗ ಅವನು ದಿನಕ್ಕೆರಡು ಸಲ ಹೊಲಕ್ಕೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದ.

ಗಿಡ ಹೊಸದು, ಅದರ ಹಿಂದೆ ಹುಳವೂ ಬಂತು. ಕಾಯಿ ಕೊರೆಯುವ ಹುಳ. ಅಂಗಡಿಯವನು ಎಂಡ್ರಿನ್ ಡಬ್ಬಿ ಕೊಟ್ಟ. ಅದಕ್ಕೆ ಊರಿನ ಹೆಸರು ಎಣ್ಣಿ. ಡಬ್ಬಿಯ ಮೇಲೆ ಎಲುಬಿನ ಚಿತ್ರವಿತ್ತು, ಉಳಿದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಅದು ವಿಷವೆಂಬುದು ಎಲ್ಲರಿಗೂ ತಿಳಿದಿತ್ತು. ಯಾರಿಗೆ ವಿಷ, ಎಷ್ಟು ದಿನ ವಿಷ, ಹೊಡೆದ ಹೊಲಕ್ಕೆ ಯಾರು ಕಾಲಿಡಬಾರದು ಎಂಬುದನ್ನು ಕನ್ನಡದಲ್ಲಿ ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಮಾರುವಾಗ ಮಾತ್ರ ಎಲ್ಲರೂ ಅಚ್ಚಗನ್ನಡ ಮಾತಾಡಿದ್ದರು.

ಪಂಪು ಬೆನ್ನಿಗೆ ಕಟ್ಟಿಕೊಂಡು ಹೊಡೆಯುತ್ತಿದ್ದವನು ಊರಾಚೆಯ ಕೇರಿಯವನು. ಮೂಗಿಗೆ ಟಾವೆಲ್ಲು, ಮೈಗೆ ಹರಿದ ಬನಿಯನ್ನು. ಅವನ ಹೆಂಡತಿ ನಮ್ಮ ಹೊಲಕ್ಕೆ ಬರುವ ಕಳೆ ತೆಗೆಯುವ ಹೆಂಗಸರ ಮುಂದಾಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನಗೆ. ಮೊದಲ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಈಗ ಹೊಟ್ಟೆ ಕಾಣತೊಡಗಿತ್ತು. ಅವಳು ಅದರ ಮಾತೆತ್ತಿದರೆ ಕೈಯಿಂದ ತಾನೇ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಈ ಮಗು ಉಳಿಯಬೇಕು. ಅದಕ್ಕಾಗಿ ಕೂಲಿಯೂ ನಡೆಯಬೇಕು. ಕೂಲಿಯಿರುವುದು ಎಣ್ಣಿ ಹೊಡೆದ ಸಾಲುಗಳ ನಡುವೆ. ಅವಳ ಇಕ್ಕಟ್ಟು ಇಷ್ಟು ಸರಳವಾಗಿತ್ತು, ಇಷ್ಟು ಕ್ರೂರವಾಗಿತ್ತು.

ದಸರೆ ಮುಗಿದು ಸೀಗಿ ಹುಣ್ಣಿಮೆ ಬಂತು. ರಜೆಗೆ ನಾನು ಊರಿನಲ್ಲಿದ್ದೆ. ನಮ್ಮ ಕಡೆ ಆ ಹುಣ್ಣಿಮೆ ಎಂದರೆ ಭೂಮಿಯ ಬಯಕೆ ತೀರಿಸುವ ಹಬ್ಬ. ಬೆಳೆ ಹೊತ್ತ ಹೊಲ ಬಸುರಿ ಹೆಂಗಸು. ಅವಳಿಗೆ ಬೇಕಾದ್ದನ್ನೆಲ್ಲ ಮಾಡಿ ಚಕ್ಕಡಿಯಲ್ಲಿ ಒಯ್ದು ಉಣಿಸಬೇಕು. ಮಾಡಿದ ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ, ಕೂಗುತ್ತ, ಹೊಲದ ಸುತ್ತಲೂ ಚೆಲ್ಲುತ್ತ ಹೋಗುವುದಕ್ಕೆ ಚರಗ ಎನ್ನುತ್ತಾರೆ. ಅದನ್ನು ಮಣ್ಣು ಉಣ್ಣುತ್ತದೆ, ಇರುವೆ ಉಣ್ಣುತ್ತದೆ, ಹಕ್ಕಿ ಉಣ್ಣುತ್ತದೆ.

ಹಬ್ಬದ ಹಿಂದಿನ ದಿನ ಕಾಕಾ ಒಂದು ಕೆಲಸ ಮಾಡಿದ. ಅದನ್ನು ದ್ವೇಷದಿಂದ ಮಾಡಲಿಲ್ಲ, ಅತಿ ಪ್ರೀತಿಯಿಂದ ಮಾಡಿದ ಎಂಬುದನ್ನು ಓದುವವರು ನೆನಪಿಡಬೇಕು. ಬಸುರಿಗೆ ಸೀಮಂತದ ಮುಂಚೆ ಎಣ್ಣೆ ಹಚ್ಚಿ ಎರೆಯುತ್ತಾರಲ್ಲ, ಹಾಗೆ ಹೊಲವನ್ನು ಹುಳವಿಲ್ಲದಂತೆ ಚೊಕ್ಕಮಾಡಿ ಹಬ್ಬಕ್ಕೆ ಕೂಡಿಸಬೇಕೆಂದು ಅವನಿಗೆ ಅನಿಸಿತು. ಆಳಿಗೆ ಹೇಳಿ ಹೊಲಕ್ಕೆಲ್ಲ ಎಣ್ಣಿ ಹೊಡೆಸಿದ. ಹೊಲದಲ್ಲಿದ್ದ ಬನ್ನಿಗಿಡದ ಬುಡಕ್ಕೂ ಎರಡು ಸಾಲು ಹೆಚ್ಚಿಗೆ ಹೊಡೆಸಿದ. ಪೂಜೆಯ ಜಾಗ ನೋಡಿ.

ಹುಣ್ಣಿಮೆಯ ಬೆಳಿಗ್ಗೆ ಚಕ್ಕಡಿಯಲ್ಲಿ ಬುಟ್ಟಿಗಳೇ ಮನುಷ್ಯರಿಗಿಂತ ಹೆಚ್ಚಿದ್ದವು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಕರಿಗಡಬು, ಶೇಂಗಾಹೋಳಿಗಿ, ಗುರೆಳ್ಳುಹಿಂಡಿ, ಮೊಸರು ಕಲಸಿದ ಅನ್ನ. ಎತ್ತುಗಳ ಕೋಡಿಗೆ ಬಣ್ಣ. ಆಯಿ ಮುಂದೆ ಕುಳಿತು ದಾರಿಯುದ್ದಕ್ಕೂ ಯಾರ ಹೊಲದಲ್ಲಿ ಕಳೆ ಎಷ್ಟಿದೆ ಎಂದು ಮಂಜುಗಣ್ಣಿನಿಂದಲೇ ತೀರ್ಪು ಕೊಡುತ್ತಿದ್ದಳು.

ಹೊಲ ಬಂದಾಗ ಅವಳ ಮೂಗು ಅರಳಿತು. “ಏನೋ ವಾಸನಿ ಬರಾಕತ್ತೇತೆಲ್ಲೋ!”

“ಹೊಲಕ್ಕ ತಲಿಮ್ಯಾಲ ಎರದೇನಿ ಅವ್ವಾ, ನಿನ್ನಿ” ಎಂದ ಕಾಕಾ, ಹೆಮ್ಮೆಯಿಂದ. “ಒಂದು ಹುಳಾ ಇದ್ರ ತೋರ್ಸು, ನಾ ಮೀಸಿ ಬೋಳಸ್ತೇನಿ.”

“ನಿನ್ನ ಮೀಸಿ ತಗೊಂಡು ಏನ್ ಮಾಡ್ಲೋ? ಇರೂದ ನಾಕ ಕೂದ್ಲಾ.”

ಎಲ್ಲರೂ ನಕ್ಕರು. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆಯಾಯಿತು. ಆಮೇಲೆ ಆಯಿ ಬುಟ್ಟಿ ಹಿಡಿದು ಮುಂದೆ ನಡೆದಳು. ಆ ವಯಸ್ಸಿನಲ್ಲಿಯೂ ಚರಗದ ಬುಟ್ಟಿಯನ್ನು ಆಕೆ ಯಾರಿಗೂ ಕೊಡುತ್ತಿರಲಿಲ್ಲ. “ಹುಲ್ಲುಲ್ಲಿಗ್ಯೋ” ಎಂದು ಆಕೆ ಕೂಗಿದರೆ ಹಿಂದೆ ನೀರು ಚಿಮುಕಿಸುತ್ತ ಬರುವ ನಾವು “ಸಲಾಂಬ್ರಿಗ್ಯೋ” ಎನ್ನಬೇಕು. ಗಾಳಿಗೆ ಹತ್ತಿಯ ಹಳದಿ ಹೂ ತೂಗುತ್ತಿದ್ದವು. ಆಯಿ ಚೆಲ್ಲಿದ ಕಡೆಯಲ್ಲೆಲ್ಲ ಹಿಂದಿನಿಂದ ಗೊರವಂಕಗಳು ಇಳಿಯುತ್ತಿದ್ದವು, ಜಗಳವಾಡುತ್ತ, ಒಂದರ ಬಾಯಿಂದ ಇನ್ನೊಂದು ಕಸಿಯುತ್ತ. ನಿಂತು ಆ ಗದ್ದಲ ಕೇಳಿದ ಆಯಿಯ ಮುಖ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಕಾಣದ ಕಣ್ಣುಗಳಿಂದ ಅವಳು ತನ್ನ ಹಳೆಯ ಹೊಲವನ್ನೇ ನೋಡುತ್ತಿದ್ದಳು.

ಊಟಕ್ಕೆ ನಾವು ಬನ್ನಿಯ ನೆರಳಿನಲ್ಲಿ ಕುಳಿತೆವು. ಕೇರಿಯವರು ಬದುವಿನಾಚೆ, ಬಿಸಿಲಿನಲ್ಲಿ ಕುಳಿತರು. ಅವರಿಗೆ ಎಲೆಯ ಮೇಲೆ ಎತ್ತರದಿಂದ ಬಡಿಸುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಆ ಹೊಲವನ್ನು ಹಸನು ಮಾಡಿದವರು, ಬಿತ್ತಿದವರು, ಕಳೆ ತೆಗೆದವರು, ವಿಷ ಹೊಡೆದವರು ಅವರು. ಹಬ್ಬದ ನೆರಳು ಮಾತ್ರ ನಮ್ಮದು. ಆ ದಿನ ನಾನು ಇದನ್ನು ಗಟ್ಟಿಯಾಗಿ ಹೇಳಿದೆ. ಕಾಕಾ, “ಅಕ್ಕೋರ, ಹೋಳಿಗಿ ಆರತಾವು, ಉಣ್ರಿ. ಭಾಷಣ ಸಂಜಿಮುಂದ” ಎಂದ. ಬದುವಿನಾಚೆಯಿಂದ ಮುಂದಾಳು ಹೆಂಗಸು ನಕ್ಕು, “ಅವ್ರು ಭಾಷಣಾ ಮಾಡ್ಲಿ ತಗೋರಿ ಸಾವಕಾರ್ರ. ನಮಗ ಇನ್ನೊಂದು ಹೋಳಿಗಿ ಬರ್ಲಿ. ಇಬ್ಬರು ಉಣ್ಣಾವ್ರು ಅದೀವಿ” ಎಂದಳು.

ಮರುದಿನ ಬೆಳಿಗ್ಗೆ ಕಳೆ ತೆಗೆಯಲು ಹೋದ ಅವಳೇ ಓಡಿಬಂದು ನಮ್ಮ ಅಂಗಳದಲ್ಲಿ ನಿಂತಳು. ಒಳಗೆ ಬರುವಂತಿರಲಿಲ್ಲ, ಆದ್ದರಿಂದ ಅಂಗಳದಿಂದಲೇ ಕೂಗಿದಳು. “ಅವ್ವಾರ, ಹಕ್ಕಿ ಬಿದ್ದಾವ್ರಿ. ಚರಗಾ ಚೆಲ್ಲಿದಲ್ಲೆಲ್ಲಾ ಬಿದ್ದಾವು.”

ಆಯಿಯನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೋದೆವು. ಅನ್ನ ಬಿದ್ದ ಸಾಲಿನುದ್ದಕ್ಕೂ ಗೊರವಂಕಗಳು ಬಿದ್ದಿದ್ದವು, ಕಾಲು ಮಡಚಿಕೊಂಡು, ಹಳದಿ ಕೊಕ್ಕು ತೆರೆದುಕೊಂಡು. ಬನ್ನಿಯ ಬುಡದಲ್ಲಿ ಕಾಗೆಗಳು. ಎಣ್ಣಿ ಕುಡಿದ ಎಲೆಯ ಮೇಲೆ ಬಿದ್ದ ಅಗುಳು, ಎಣ್ಣಿಗೆ ಸತ್ತ ಹುಳ. ಎರಡನ್ನೂ ಅವು ತಿಂದಿದ್ದವು. ಆಯಿಗೆ ಕಾಣುತ್ತಿರಲಿಲ್ಲ. ಕೆಳಗೆ ಕುಳಿತು ಕೈಯಿಂದ ನೆಲ ತಡವಿದಳು. ಒಂದು ಗೊರವಂಕ ಕೈಗೆ ಸಿಕ್ಕಿತು. ಅದನ್ನು ಸೆರಗಿನಲ್ಲಿಟ್ಟುಕೊಂಡಳು.

“ಅಂವ ದಾರಿ ತೋರ್ಸಿದ” ಎಂದಳು. “ನಾ ಕರದೆ.”

ಕಾಕಾನಿಗೆ ಅರ್ಥವಾಗಲಿಲ್ಲ. ಅರ್ಥವಾದವಳು ನಾನೊಬ್ಬಳೇ, ಪಡಸಾಲೆಯ ಕೋಡಿನ ಕಥೆಯನ್ನು ನಾನೇ ಕೆದಕಿದ್ದೆನಲ್ಲ. ಕಾಕಾ ತಲೆ ತಗ್ಗಿಸಿ ನಿಂತಿದ್ದ. “ಮುಂದಿನ ಸರ್ತಿ ಹುಣ್ಣಿಮಿ ಆದಮ್ಯಾಲೆ ಹೊಡಸೂಣು ಅವ್ವಾ, ಮೊದಲ ಬ್ಯಾಡ” ಎಂದು ಮೆಲ್ಲಗೆ ಹೇಳಿದ.

ಆಗ ಮುಂದಾಳು ಹೆಂಗಸು ಕುಡುಗೋಲನ್ನು ನೆಲಕ್ಕಿಟ್ಟು ಎದ್ದುನಿಂತಳು. “ಹುಣ್ಣಿಮಿ ಆದಮ್ಯಾಲೆ ಹೊಲದಾಗ ಇರಾವ್ರು ನಾವ್ರೀ ಸಾವಕಾರ್ರ. ಹಕ್ಕಿಗೆ ರೆಕ್ಕಿ ಅದಾವು, ಅವು ಹಾರಿಹೋಗಲಿಲ್ಲ. ನಾ ಎಲ್ಲಿ ಹಾರ್ಲಿ?” ಆಮೇಲೆ ಆಯಿಯ ಕಡೆ ತಿರುಗಿದಳು. “ಅವ್ವಾರ, ಭೂಮಿ ಬಸರಿ ಅಂತ ಹೋಳಿಗಿ ಉಣಸಿದ್ರಿ. ಆಕಿ ಬಸರಿ, ನಾನೂ ಬಸರಿ. ಬಸರಿಗೆ ಎಣ್ಣಿ ಹೊಡಿಯೂ ಪದ್ಧತಿ ಯಾವ ಊರಾಗ ಐತ್ರಿ?”

“ಇವತ್ತಿಂದ ನಾವ್ಯಾರೂ ಬರಾಂಗಿಲ್ರಿ” ಎಂದು ಹೇಳಿ ಅವಳು ಹೆಂಗಸರನ್ನು ಕರೆದುಕೊಂಡು ಹೊರಟುಹೋದಳು. ಹಿಂದೆ ಸಾಲುಗಳ ನಡುವೆ ಅರ್ಧ ತೆಗೆದ ಕಳೆ ಉಳಿಯಿತು.

ಅಂದು ಮನೆಯಲ್ಲಿ ನಡೆದುದು ಜಗಳ. ನಾನು ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳಿದೆ. ಅಂಗಡಿಯವನನ್ನು ಕೇಳಿಕೊಂಡು ಬಂದ ಕಾಕಾ, ಹಕ್ಕಿ ಸತ್ತರೆ ಬೆಳೆಗೇ ಲಾಭ ಎಂದು ಅವನು ನಕ್ಕನೆಂದು ತಿಳಿಸಿದ. ನಾನು ವಾದ ಮಾಡಿದೆ, ಕಾರಣ ಕೊಟ್ಟೆ, ನ್ಯಾಯ ಕೇಳಿದೆ. ಕಾಕಾ ಕಿವಿಗೊಟ್ಟ, ಆದರೆ ಅಲುಗಲಿಲ್ಲ. “ಹುಳಾ ಹತ್ತಿ ತಿಂದ್ರ ಮುಂದಿನ ವರ್ಷ ನೀ ಯಾವ ಹಾಸ್ಟೆಲ್‍ನ್ಯಾಗ ಇರ್ತೀಯವಾ? ಆಳ ಬರದಿದ್ರ ಬಾಜೂ ಊರಿಂದ ತರ್ತೇನಿ” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಅದನ್ನು ಗುರುತಿಸುವಷ್ಟು ನನಗೂ ತಿಳಿವಳಿಕೆಯಿತ್ತು.

ಮರುದಿನ ನಸುಕಿನಲ್ಲಿ ಆಯಿ ಎದ್ದು, ತನ್ನ ಎಲೆಯಡಿಕೆಯ ಚೀಲ, ಒಂದು ಕೌದಿ, ನೀರಿನ ತಂಬಿಗೆ ತೆಗೆದುಕೊಂಡು ಚಕ್ಕಡಿ ಕಟ್ಟೆಂದಳು. ಹೊಲಕ್ಕೆ ಹೋಗಿ ಬನ್ನಿಯ ಬುಡದಲ್ಲಿ ಕೌದಿ ಹಾಸಿ ಕುಳಿತಳು.

“ಇದೇನವಾ?” ಎಂದ ಕಾಕಾ.

“ಚರಗಾ ಮುಗಿದಿಲ್ಲ. ಉಣ್ಣಾಕ ಬಂದಾವ್ರು ಉಂಡು ಹೋಗಿಲ್ಲ, ಸತ್ತು ಹೋಗ್ಯಾರ. ಅವ್ರ ಮಂದಿ ತಿರುಗಿ ಬರೂತನಾ ನಾ ಏಳಾಂಗಿಲ್ಲ.”

“ಎಣ್ಣಿ ಹೊಡಿಯೂದು ಐತಿ.”

“ಹೊಡಿ. ನನ್ನ ಮ್ಯಾಲೂ ಹೊಡಿ. ಹುಳಾ ನಾನೂ ಒಂದು.”

ಹಡೆದ ತಾಯಿ ಕುಳಿತಿರುವ ಹೊಲಕ್ಕೆ ಎಣ್ಣಿ ಹೊಡೆಯುವ ಮಗ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಆಯಿಗೆ ಅದು ಚೆನ್ನಾಗಿ ತಿಳಿದಿತ್ತು. ದಿನವೂ ಬೆಳಿಗ್ಗೆ ಹೊರಟು ಸಂಜೆ ಬರುತ್ತಿದ್ದಳು. ಕಾಕಾ ಅಂಗಡಿಗೆ ಹೋದರೆ ಜನ, “ಸಾವಕಾರ್ರ, ಹತ್ತಿ ಹೆಂಗೈತ್ರಿ? ಅವ್ವಾರು ಎಷ್ಟು ಎತ್ತರ ಬೆಳದಾರ?” ಎಂದು ಕೇಳುತ್ತಿದ್ದರು. ಕಾಕಾ ಆಮೇಲಾಮೇಲೆ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಹೊಲಕ್ಕೆ ಬಂದು ತಾಯಿಯ ಪಕ್ಕದಲ್ಲಿ ಕುಳಿತು ಚಹಾ ಕುಡಿಯತೊಡಗಿದ.

ಹುಳದ ಗತಿಯೇನು? ನಾನು ಕೇರಿಗೆ ಹೋದೆ. ಮುಂದಾಳು ಹೆಂಗಸಿನ ಗುಡಿಸಲಿನ ಮುಂದೆ ಕುಳಿತೆ. ಅವಳ ಗಂಡ ಒಳಗೆ ಮಲಗಿದ್ದ. ಎಣ್ಣಿ ಹೊಡೆದ ದಿನದಿಂದ ಅವನ ಕೈನಡುಕ ನಿಂತಿರಲಿಲ್ಲ. ವೈದ್ಯರಿಗೆ ತೋರಿಸಿದ್ದು ಅವರದೇ ಖರ್ಚಿನಲ್ಲಿ. ಇದೂ ನಮ್ಮ ಮನೆ ಮಾಡಿದ ಅನ್ಯಾಯವೇ. ಎಣ್ಣಿ ಹೊಡೆಯದಿದ್ದರೆ ಬರುತ್ತೀರಾ ಎಂದು ಕೇಳಿದೆ.

“ಬರ್ತೀವಿ. ಹುಳಾ ಕೈಲೆ ಆರಸ್ತೀವಿ. ನಮ್ಮವ್ವ ತೊಗರಿ ಹೊಲದಾಗ ಹಂಗ ಆರಸ್ತಿದ್ಲು” ಎಂದಳು. ಆಮೇಲೆ ಬೆರಳೆತ್ತಿ, “ಆದ್ರ ಎರಡು ಮಾತು. ಗಂಡನ್ನ ದವಾಖಾನಿಗೆ ತೋರ್ಸಿದ್ದು ನೀವು ಕೊಡಬೇಕು. ಮತ್ತ ಊಟಕ್ಕ ನಾವೂ ನೆಳ್ಳಾಗ ಕುಂದರ್ತೀವಿ. ಬಿಸಲಾಗ ಕುಂತ್ರ ಹೊಟ್ಟ್ಯಾಗಿನ ಕೂಸು ಬೈತೈತಿ” ಎಂದಳು.

ಎರಡೂ ಮಾತನ್ನು ಕಾಕಾನಿಗೆ ತಲುಪಿಸಿದೆ. ಮೊದಲನೆಯದಕ್ಕೆ ಒಪ್ಪಿದ. ಎರಡನೆಯದಕ್ಕೆ ಆಯಿಯ ಮುಖ ನೋಡಿದ. ಅವಳ ಹಳೆಯ ಹೊಲದಲ್ಲಿ ಎರಿಭೂತಕ್ಕೆ ಜಾಗವಿತ್ತು, ಚಿಗರಿಗೆ ಜಾಗವಿತ್ತು. ಬನ್ನಿಯ ನೆರಳಿನಲ್ಲಿ ಕೇರಿಯವರಿಗೆ ಎಂದೂ ಜಾಗವಿರಲಿಲ್ಲ. ಹಿಂದಿನದರ ಮೇಲಿನ ಪ್ರೀತಿ ಎಂಥ ಒಳ್ಳೆಯ ಮನಸ್ಸನ್ನೂ ಇಂಥ ಕಡೆ ಕಟ್ಟಿಹಾಕುತ್ತದೆ. ಕೊನೆಗೆ ಅವಳು, “ಗಿಡ ನಾ ಹಚ್ಚಿದ್ದಲ್ಲ. ನೆಳ್ಳು ನಂದು ಹೆಂಗಾದೀತು? ಬರ್ಲಿ” ಎಂದಳು.

ಅವರು ಬಂದರು. ಬೆಳಗಿನ ತಂಪಿನಲ್ಲಿ ಹೆಂಗಸರು ಸಾಲು ಹಿಡಿದು ಕಾಯಿಗಳನ್ನು ಮುಟ್ಟಿಮುಟ್ಟಿ ನೋಡಿ, ಹುಳವನ್ನು ಆರಿಸಿ ಮನೆಯಿಂದ ತಂದ ಹಳೆಯ ಡಬ್ಬಿಗಳಿಗೆ ಹಾಕುತ್ತಿದ್ದರು. ನಾನೂ ಸೆರಗು ಸಿಕ್ಕಿಸಿ ಒಂದು ಸಾಲು ಹಿಡಿದೆ. ನನ್ನ ಸಾಲಿನಲ್ಲಿ ಹುಳ ಉಳಿಯುತ್ತಿತ್ತು. ಹಿಂದಿನಿಂದ ಬಂದ ಮುಂದಾಳು, “ಅಕ್ಕೋರ, ನೀವು ಹುಳಾ ಹಿಡಿಯಾಕತ್ತೀರ್ಯೋ, ಅವುಕ್ಕ ಪಾಠಾ ಹೇಳಾಕತ್ತೀರ್ಯೋ?” ಎನ್ನುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಬನ್ನಿಯ ಕೆಳಗೆ. ಮೊದಲ ದಿನ ಎರಡು ಗುಂಪಿನ ನಡುವೆ ಒಂದು ಚಕ್ಕಡಿ ಅಗಲದ ಜಾಗವಿತ್ತು. ದಿನ ಕಳೆದಂತೆ ಅದು ಕಿರಿದಾಯಿತು. ನೆರಳೇ ಚಿಕ್ಕದು, ಮತ್ತೇನು ಮಾಡುವುದು? ಹಿಂಡಿಯ ಡಬ್ಬಿ ಕೈಯಿಂದ ಕೈಗೆ ಹೋಯಿತು. ನನ್ನ ಬಾಳಿನಲ್ಲಿ ನಾನು ಕಂಡ ಸಂತೋಷದ ಊಟಗಳಲ್ಲಿ ಅವು ಮೊದಲಿಗೆ ಬರುತ್ತವೆ.

ಆರಿಸಿದ ಹುಳಗಳನ್ನು ಆಯಿ ತನ್ನ ಮುಂದೆ ಗೋಣಿತಟ್ಟಿನ ಮೇಲೆ ಸುರಿಸಿಕೊಳ್ಳುತ್ತಿದ್ದಳು, ಹಕ್ಕಿಗಳಿಗೆಂದು. ಕಾಕಾ ಸಾಲುಗಳ ನಡುವೆ ಒಣ ಟೊಂಗೆಗಳನ್ನು ನೆಟ್ಟ, ಅವು ಬಂದರೆ ಕೂರಲಿ ಎಂದು. ಹಲವು ದಿನ ಏನೂ ಬರಲಿಲ್ಲ. ಹಕ್ಕಿಯಿಲ್ಲದ ಎರಿಹೊಲದ ಮೌನ ಎಂಥದೆಂದು ನನಗೆ ಗೊತ್ತಾದದ್ದು ಆಗ. ಆಯಿ ಮಾತ್ರ ಏಳಲಿಲ್ಲ. ಒಂದು ದಿನ ಮೊಸರನ್ನದ ಹೊತ್ತಿಗೆ ಟೊಂಗೆಯ ಮೇಲೆ ಕಾಜಾಣವೊಂದು ಬಂದು ಕುಳಿತಿತು. ಅದು ಇಳಿಯಿತು, ತಟ್ಟಿನಿಂದ ಒಂದು ಹುಳ ಕಚ್ಚಿಕೊಂಡು ಮತ್ತೆ ಟೊಂಗೆಗೆ ಹೋಯಿತು. “ಏನು ಬಂತು? ಹೇಳ್ರೇ!” ಎಂದು ಆಯಿ ಸಣ್ಣ ದನಿಯಲ್ಲಿ ಕೇಳಿದಳು. ಮುಂದಾಳು ಅವಳ ಕಿವಿಯ ಹತ್ತಿರ ಬಾಗಿ ಹೇಳಿದಳು. ಆಯಿಯ ಕೈ ಅವಳ ತೋಳನ್ನು ಹಿಡಿದುಕೊಂಡಿತು. ಅದುವರೆಗೆ ಆಯಿ ಕೇರಿಯವರನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಆ ವಾರವೇ ಅದೇ ಬನ್ನಿಯ ಕೆಳಗೆ ಆಯಿ ಅವಳಿಗೆ ಹಸಿರು ಬಳೆ ಇಡಿಸಿ ಉಡಿ ತುಂಬಿದಳು. “ಭೂಮಿತಾಯಿದು ಆತು. ಈಗ ನಿಂದು. ಏನು ಬಯಕಿ ಹೇಳು” ಎಂದಳು. “ಹೇಳಿದೆನಲ್ರಿ, ನೆಳ್ಳು” ಎಂದು ಅವಳು ನಕ್ಕಳು. ಈ ಉಡಿ ಹೊಲದಲ್ಲಿ ನಡೆಯಿತು, ನಮ್ಮ ಮನೆಯ ಹೊಸ್ತಿಲಿನ ಒಳಗೆ ನಡೆಯಲಿಲ್ಲ. ಹೊಸ್ತಿಲು ದಾಟಲು ಇನ್ನೂ ಹಲವು ವರ್ಷ ಬೇಕಾದವು. ಆ ವಿಳಂಬವನ್ನು ನಾನು ಕ್ಷಮಿಸಿಲ್ಲ, ಮರೆತೂ ಇಲ್ಲ. ಆದರೂ ಆ ಮಧ್ಯಾಹ್ನದ ಸಂತೋಷ ಸುಳ್ಳಲ್ಲ.

ಹತ್ತಿ ಕಡಿಮೆಯಾಯಿತು, ಕಾಕಾ ಅಂಜಿದಷ್ಟು ಕಡಿಮೆಯಾಗಲಿಲ್ಲ. ಬಾವಿಗೆ ಪಂಪು ಒಂದು ವರ್ಷ ತಡವಾಗಿ ಬಂತು. ಆಯಿಯ ಮಾತು ನಮ್ಮ ಮನೆಯಲ್ಲಿ ಕಟ್ಟಳೆಯಾಯಿತು: ಚರಗಕ್ಕೆ ಒಂದು ತಿಂಗಳು ಮೊದಲಿನಿಂದ ಸುಗ್ಗಿಯವರೆಗೆ ಹೊಲ ಬಸುರಿ, ಅವಳಿಗೆ ಎಣ್ಣಿ ಇಲ್ಲ. ಅಕ್ಕಪಕ್ಕದ ಕೆಲವು ಹೊಲಗಳವರೂ ಅದನ್ನು ಹಿಡಿದರು. ಎಲ್ಲರೂ ಹಿಡಿಯಲಿಲ್ಲ, ಅಂಗಡಿಯವನ ವ್ಯಾಪಾರ ನಿಲ್ಲಲಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಮುಂದಾಳು ಹೆಣ್ಣುಮಗುವನ್ನು ಹಡೆದಳು. ಅದು ಉಳಿಯಿತು, ಬೆಳೆಯಿತು, ಓದಿತು. ಅವಳ ಗಂಡನ ಕೈನಡುಕ ಮಾತ್ರ ಪೂರ್ತಿ ಹೋಗಲಿಲ್ಲ. ಅವನು ಮತ್ತೆಂದೂ ಪಂಪು ಹೊರಲಿಲ್ಲ.

ಮುಂದಿನ ಸೀಗಿ ಹುಣ್ಣಿಮೆಗೆ ಆಯಿ ಬುಟ್ಟಿಯನ್ನು ಮೊದಲ ಸಲ ಬೇರೆಯವರ ಕೈಗೆ ಕೊಟ್ಟಳು. “ನಾ ಕರದ್ರ ಅವು ಬರಾಂಗಿಲ್ಲ. ನೀ ಕರಿ” ಎಂದಳು ಮುಂದಾಳಿಗೆ. ಮಗು ಕೌದಿಯ ಮೇಲೆ ಆಯಿಯ ಪಕ್ಕದಲ್ಲಿ ಮಲಗಿತ್ತು. ಅವಳ ಗಟ್ಟಿ ದನಿ ಹೊಲದ ಆ ತುದಿಯವರೆಗೆ ಹೋಯಿತು. ಗೊರವಂಕಗಳು ಬಂದವು. ಮೊದಲಿನಷ್ಟಲ್ಲ, ಬಂದವು.

ಆಯಿ ಹೊಲದಲ್ಲಿ ಕುಳಿತದ್ದು ಕಳೆದುಹೋದುದರ ದುಃಖಕ್ಕೆ. ಆ ಹೆಂಗಸು ಕುಡುಗೋಲು ಇಟ್ಟದ್ದು ಇನ್ನೂ ಹುಟ್ಟದವಳ ಮೇಲಿನ ಆಸೆಗೆ. ಅವಳ ಪಾಲಿಗೆ ಹಿಂದೆ ತಿರುಗಿ ನೆನೆದು ಹಿಗ್ಗುವಂಥ ಹೊಲ ಇರಲೇ ಇಲ್ಲ. ಇಬ್ಬರೂ ಸೇರದಿದ್ದರೆ ನನ್ನ ವಾದದಿಂದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಮೇಲೆ ಕೂಲಿ ಹೆಂಗಸರಿಗಾಗಿ ನಾನು ನಡೆಸಿದ ಎಲ್ಲ ಸಭೆ, ಮೆರವಣಿಗೆ, ಮನವಿಗಳಲ್ಲಿ ನಾನು ಈ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂಡಿಸಿಕೊಂಡೇ ಮಾತಾಡಿದ್ದೇನೆ. ಚಿಗರಿಕೋಡು ಈಗಲೂ ನಮ್ಮ ಗೋಡೆಯ ಮೇಲಿದೆ. ಅದಕ್ಕೆ ಯಾರೂ ಟಾವೆಲ್ಲು ಹಾಕುವುದಿಲ್ಲ.

ಆ ಡಬ್ಬಿಯ ಎಣ್ಣಿ ಈಗ ಅಂಗಡಿಯಲ್ಲಿಲ್ಲ. ಬೇರೆ ಹೆಸರಿನವು ಇವೆ, ಬಣ್ಣದ ಬಾಟಲಿಗಳಲ್ಲಿ. ಹೊಡೆದ ಮರುದಿನವೇ ಆ ಸಾಲುಗಳಿಗೆ ಇಳಿಯುವ ಹೆಂಗಸರೂ ಇದ್ದಾರೆ. ಒಂದು ದಿನ ಮನೆಯಲ್ಲಿ ಕುಳಿತರೆ ಒಲೆ ಹತ್ತುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವರು ಇಳಿಯುತ್ತಾರೆ. ಆದ್ದರಿಂದ ಎಣ್ಣಿ ತಯಾರಿಸುವವರೇ, ಮಾರುವವರೇ, ಸಲಹೆ ಕೊಡುವ ಇಲಾಖೆಯವರೇ, ನನ್ನಂಥ ಹೊಲದ ಒಡೆಯರೇ, ನಿಮ್ಮನ್ನು ಕೇಳುತ್ತಿದ್ದೇನೆ. ಹೊಡೆದ ಹೊಲವನ್ನು ಎಷ್ಟು ದಿನ ಮುಚ್ಚಿಡಬೇಕೆಂಬುದನ್ನು ಕನ್ನಡದ ದೊಡ್ಡ ಅಕ್ಷರದಲ್ಲಿ, ಓದಲು ಬಾರದವರಿಗೆ ಚಿತ್ರದಲ್ಲಿ, ಬಾಟಲಿಯ ಮೇಲೂ ಹೊಲದ ಬದುವಿನ ಮೇಲೂ ಹಾಕಿಸಿರಿ. ಅಷ್ಟೂ ದಿನ ಯಾವ ಆಳನ್ನೂ ಒಳಗೆ ಬಿಡಬೇಡಿರಿ. ಮತ್ತು ಅಷ್ಟೂ ದಿನದ ಪೂರ್ತಿ ಕೂಲಿಯನ್ನು, ಒಳಗೆ ಕಾಲಿಡದ ಪ್ರತಿಯೊಬ್ಬ ಹೆಂಗಸಿನ ಕೈಗೆ, ಅವಳು ಕೇಳುವ ಮೊದಲೇ ಕೊಡಿರಿ.